ಹಾರನ್ನಿನ ರಿಲೇ

ಬಾಣಂತಿ ನೋಡಿ ಹೊಳ್ಳಿ ಬರುವಾಗ,
ಉಮದಿ ದಾಟಿ ಸಂಖದ ಹಾದ್ಯಾಗ
ಎರಡೂ ಹೆಡ್‌ಲೈಟ್ ಒಮ್ಮೆಲೇ ಗಪ್.

ಮೌಲಾಲಿಗೆ ಫೋನ್ ಹಚ್ಚಿದೆ. ಊಟಕ್ಕ ಕುಂತಿದ್ದ,
ರೊಟ್ಟಿ ಮುರಿಯೂ ಸಪ್ಪಳ ಕೇಳತಿತ್ತು.
"ಎರಡೂ ಬಲ್ಬ್ ಕೂಡೇ ಸಾಯೂದಿಲ್ಲ ಅಕ್ಕಾರ,
ಗಂಡ ಹೆಂಡತಿನಽ ಕೂಡೇ ಹೋಗೂದಿಲ್ಲ.
ಫ್ಯೂಜ್ ನೋಡ್ರಿ."

ಮೊಬೈಲಿನ ಟಾರ್ಚ್ ಹಚ್ಚಿ ಬ್ಯಾಟರಿ ಮ್ಯಾಲಿಟ್ಟೆ.
ಇಂಜೆಕ್ಷನ್ ಸೀಸೆ ನೋಡಿದಂಗ ಫ್ಯೂಜ್ ಬೆಳಕಿಗೆ ಹಿಡಿದೆ.
ಒಳಗಿನ ತಂತಿ ಹರದಿರಲಿಲ್ಲ.

"ಹಂಗಾರ ರಿಲೇ ಹೋಗೇತಿ.
ಹಾರನ್ನಿಂದೂ ಅದರದೂ ಒಂದಽ ಅಳತಿ,
ಅದನ್ನ ಕಿತ್ತು ಇದಕ್ಕ ಹಾಕ್ರಿ."
ತುತ್ತು ನುಂಗಿ ಅಂದ:
"ಇವತ್ತೊಂದು ರಾತ್ರಿಗೆ
ಕಣ್ಣು ಬೇಕೋ, ಬಾಯಿ ಬೇಕೋ, ನೀವಽ ನೋಡ್ರಿ."

ಟಿಕ್ ಅಂತು. ಬೆಳಕು ಬಿತ್ತು:
ಒಣದ್ರಾಕ್ಷಿ ಶೆಡ್ಡಿನ ತಗಡು, ಜಾಲಿಗಿಡ,
ಮರಾಠಿಯೊಳಗ ಬರದ ನಮ್ಮೂರ ಹೆಸರು.

ಮುಂದ ತಿರುವಿನ್ಯಾಗ ಕುರಿ. ನೂರೋ ಇನ್ನೂರೋ.
ಅಂಗೈ ರೂಢಿಲೆ ಸ್ಟೀರಿಂಗಿನ ನಡುವ ಒತ್ತಿತು.
ಏನೂ ಇಲ್ಲ.
ಗೇರ್ ತಗದು ಕುಂತೆ.
ಜೋಡಿ ಜೋಡಿ ಕಣ್ಣು ನನ್ನ ಬೆಳಕಿಗೆ
ಹಸಿರಾಗಿ ಹೊಳೆದು, ಆರಿ, ಹಾದು ಹೋದವು.
ಒಂದು ಮರಿ ಬಂಪರಿಗೆ ಮೈ ತಿಕ್ಕಿಕೊಂತ ನಿಂತಿತು,
ಅದಕ್ಕೇನು ಅವಸರ ಇದ್ದಂಗಿರಲಿಲ್ಲ.

ಕಡೀಕೆ ಕಂಬಳಿ ಹೊತ್ತ ಅಜ್ಜ ಕಿಡಕಿಗೆ ಬಗ್ಗಿ
"ಒಮ್ಮೆನೂ ಹಾರನ್ ಹೊಡೀಲಿಲ್ಲ ನೋಡವ್ವಾ,
ಭಾಳ ಸಮಾಧಾನದಾಕಿ" ಅಂದ.

ಹೌದ್ರಿ ಅಂದೆ.
ರಿಲೇದ ಸುದ್ದಿ ಹೇಳಲಿಲ್ಲ.

ಹೊಸಾದು ನೂರಾ ಎಂಬತ್ತು ರೂಪಾಯಿ ಅಂತ,
ಮೌಲಾಲಿ ತಂದಿಟ್ಟು ನಾಕು ದಿನ ಆತು.
ನಾಳೆ ಹೋಗತೇನಿ.
ಇಲ್ಲಾ, ಸೋಮವಾರ.