ಬಿಸ್ಕತ್ತಿನ ಡಬ್ಬಿ

ಒಳಗೆ ಹತ್ತಿ, ಹತ್ತಿಯೊಳಗೆ ಒಂದೇ ಗುಂಡು.
ಚಿತಾಗಾರದ ಗಾಸ್ಪಾರ್ ಚೀಟಿ ಇಟ್ಟಿದ್ದಾನೆ:
‘ಉರಿಯಲಿಲ್ಲ. ನಿಮ್ಮ ನಂಬರಿದೆ, ಡಾಕ್ಟರಮ್ಮ.’

ಹದಿನೇಳು.
ಅಂಚೆಯ ಸೊಲಾಂಜ್. ಬೆಟ್ಟದ ನಲವತ್ತು ಮನೆಗೆ
ಕಾಗದ ಹೊತ್ತವಳು, ಒಂದು ದಿನ ಸೊಂಟ ಹಿಡಿದು
ಚರ್ಚಿನ ಮೆಟ್ಟಿಲಲ್ಲೇ ಕೂತುಬಿಟ್ಟವಳು.

ಆಗ ಜೂರಾ ಕಣಿವೆಯ ಗಡಿಯಾರದ ಕಾರ್ಖಾನೆಗಳು
ಒಂದೊಂದಾಗಿ ಮುಚ್ಚುತ್ತಿದ್ದವು.
ನನ್ನನ್ನು ಬಡಗಿ ಅಂದರು ಆಸ್ಪತ್ರೆಯ ಗಂಡಸರು,
ಬಡಗಿಗಿರುವ ತೋಳಿಲ್ಲ ಅಂತಲೂ ಅಂದರು.
ಕೆಲಸ ಹೋದ ಉಲಿಸ್‌ನ ಅಡುಗೆಮನೆಯಲ್ಲಿ
ಪುಟ್ಟ ಲೇತು, ಆರಿದ ಕಾಫಿ,
ನಾನು ಒಯ್ದ ಕುರಿಯ ತೊಡೆಮೂಳೆ.
‘ಕೂದಲೆಳೆ ಅಂದರೆ ನಮ್ಮ ಕಸುಬಿನಲ್ಲಿ ದಪ್ಪ’ ಅನ್ನುತ್ತಿದ್ದ,
ಗುಂಡನ್ನು ನಾಲಿಗೆಗೆ ಮುಟ್ಟಿಸಿ ನುಣುಪು ನೋಡುತ್ತಿದ್ದ.

ಮೊದಲ ಆರು ಸಡಿಲಾದವು.
ಸಮ್ಮೇಳನಗಳಲ್ಲಿ ಅದನ್ನು
ಒಂದೇ ಸ್ಲೈಡಿನಲ್ಲಿ ದಾಟಿಸುವುದು ಕಲಿತೆ.
ಮೂರನೆಯವನು ಬೇಕರಿಯ ಫಿರ್ಮೆಂ.
ಇವತ್ತಿಗೂ ಊರುಗೋಲು ಗೋಡೆಗಾನಿಸಿ
ಬ್ರೆಡ್ಡು ಸುತ್ತಿ ಕೊಡುತ್ತಾನೆ,
ಚಿಲ್ಲರೆ ಎಣಿಸಿ ಕೊಡುತ್ತಾನೆ,
ಬೇರೇನೂ ಹೇಳುವುದಿಲ್ಲ.

ಆಮೇಲೆ ಪೇಟೆಂಟು, ಕಂಪನಿ, ಬಾಸೆಲಿನ ವಕೀಲರು.
ಗುಂಡಿಗೆ ನನ್ನ ಹೆಸರಿಟ್ಟರು. ಉಲಿಸ್‌ನದು
ಎಲ್ಲೋ ಅಡಿಟಿಪ್ಪಣಿಯಲ್ಲಿ, ಅದೂ ತಪ್ಪು ಕಾಗುಣಿತದಲ್ಲಿ.
ನಾನು ತಿದ್ದಿಸಬಹುದಿತ್ತು.

ಬೆಂಕಿ ಬಣ್ಣ ಕೆಡಿಸಿದೆ, ಉರುಟು ಕೆಡಿಸಿಲ್ಲ.
ಇಪ್ಪತ್ತಾರು ವರ್ಷ ಹಿಮ, ಏರು, ನಾಯಿಗಳು ಅಟ್ಟಿಸಿದ ಓಟ.
ಅಳೆಯಲು ಮೈಕ್ರೋಮೀಟರು ತೆಗೆದೆ; ಕೈ ನಡುಗಿತು, ಇಟ್ಟುಬಿಟ್ಟೆ.

ಕೋಣೆಯ ಬಾಗಿಲು ಹಾಕಿಕೊಂಡು
ನಾಲಿಗೆಗೆ ಮುಟ್ಟಿಸಿದೆ.
ಮೊದಲು ಬೂದಿ.
ಆಮೇಲೆ ನುಣುಪು, ಸುತ್ತಲೂ ನುಣುಪು,
ಒಂದು ಕಡೆ ಮಾತ್ರ ತುಸು ಒರಟು:
ಅವಳು ಚೀಲ ಹೊರುತ್ತಿದ್ದ ಕಡೆ.