ಖಾಲಿ ಡಬ್ಬದ ಕಡೆ ಬೆರಳು

ಮಾಲ್ದಾರೆ ರಸ್ತೆಯ ಅಂಗನವಾಡಿ. ಹನ್ನೊಂದು ಗಂಟೆ.
ಸಹಾಯಕಿ ಮುತ್ತಕ್ಕ ಒಂದು ಕಿತ್ತಳೆಯನ್ನು
ಬಿಸ್ಕೆಟ್ ಡಬ್ಬದಲ್ಲಿಟ್ಟು, ಮುಚ್ಚಳ ಅದುಮಿ
ನೀರು ತರಲು ಹೋದಳು.
ನಾನದನ್ನು ತೆಗೆದು
ಅಕ್ಕಿಚೀಲದ ಹಿಂದೆ ಬಚ್ಚಿಟ್ಟೆ,
ಹದಿನಾಲ್ಕು ಕಣ್ಣುಗಳ ಎದುರಿಗೇ.

"ಮುತ್ತಕ್ಕ ಬಂದು ಎಲ್ಲಿ ಹುಡುಕ್ತಾಳೆ?"

"ಚೀಲದ ಹಿಂದೆ!" ಎಂದಳು ಚಿಮ್ಮಿ. ಮೂರು ತುಂಬಿಲ್ಲ.
ಅವಳಿಗೆ ಗೊತ್ತಿದ್ದದ್ದು ಲೋಕಕ್ಕೆಲ್ಲ ಗೊತ್ತು.
ಅವಳು ಕಣ್ಣು ಮುಚ್ಚಿದರೆ
ಕಾಫಿ ಗಿಡಗಳಿಗೂ ಕತ್ತಲು.
ಮೊನ್ನೆ ಲೈನ್‌ಮನೆಯ ಹಿಂದೆ ಆನೆ ಬಂದಾಗ
ಬಾಗಿಲು ತೆರೆದೇ ಇತ್ತಂತೆ,
ಇವಳು ಅಂಗೈಯಲ್ಲಿ ಮುಖ ಮುಚ್ಚಿ ನಿಂತಳಂತೆ.
"ನಾನು ಇರ್ಲೇ ಇಲ್ಲ ಟೀಚರೇ, ಆನೆ ಹೋಯ್ತು."
ಆನೆ ಹೋದದ್ದೇನೋ ನಿಜ.

ಚೆಂಗು ರೈಟರ ಮಗ, ನಾಲ್ಕು ದಾಟಿದೆ.
ಯೋಚನೆ ಬಂದರೆ ಕಿವಿ ಎಳೆದುಕೊಳ್ಳುತ್ತಾನೆ.
"ಚೀಲ... ಅಲ್ಲ, ಅವ್ಳು ನೋಡಿಲ್ವಲ್ಲ..."
ಅಲ್ಲೇ ನಿಂತ,
ಬೇಲಿಯ ಈಚೆಗೊಂದು ಕಾಲು, ಆಚೆಗೊಂದು ಕಾಲು.

ಮೂಲೆಯಲ್ಲಿ ನುರುಲ್.
ಮೆಣಸು ಕೊಯ್ಯಲು ಅಸ್ಸಾಮಿನಿಂದ ಬಂದವರ ಮಗು.
ನನ್ನ ರಿಜಿಸ್ಟರಿನಲ್ಲಿ ಅವನ ಹೆಸರಿನ ಮುಂದೆ
ನನ್ನದೇ ಅಕ್ಷರ: ಮಾತು ಇಲ್ಲ. ತಿಳಿವಳಿಕೆ ಕಡಿಮೆ.
ನನ್ನ ಪ್ರಶ್ನೆ ಅವನಿಗೆ ಅರ್ಥವಾಗಿರಲಿಕ್ಕಿಲ್ಲ.
ನಾನು ಬಾಗಿಲ ಕಡೆ ನೋಡಿದ್ದನ್ನು ನೋಡಿದನೋ ಏನೋ,
ಬೆರಳೆತ್ತಿದ
ಡಬ್ಬದ ಕಡೆಗೆ,
ಒಳಗೆ ಏನೂ ಇಲ್ಲವೆಂದು ತನಗೆ ಗೊತ್ತಿದ್ದ
ಡಬ್ಬದ ಕಡೆಗೆ.

ಇಲ್ಲದ ಕಿತ್ತಳೆಯನ್ನು ಇದೆಯೆಂದು ನಂಬಿದ ಮುತ್ತಕ್ಕ
ಆ ಪುಟ್ಟ ತಲೆಯೊಳಗೆ ಕೋಣೆ ಹಿಡಿದು ಕೂತಿದ್ದಳು,
ಕೊಡ ಸಮೇತ.

ಬಂದಳು. ಮುಚ್ಚಳ ತೆರೆದಳು.
ಅವಳ ಮುಖ ಕಂಡು ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕವು.
ನುರುಲ್ ನಗಲಿಲ್ಲ.
ಎದ್ದು ಬಂದು, ಅವಳ ಒದ್ದೆ ಸೆರಗು ಹಿಡಿದು
ಚೀಲದ ಹಿಂದಕ್ಕೆ ನಡೆಸಿಕೊಂಡು ಹೋದ.

ಇದು ನನ್ನ ಆಟದಲ್ಲಿ ಇರಲಿಲ್ಲ.

ಒಂಬತ್ತು ಜನಕ್ಕೆ ಹತ್ತು ತೊಳೆ,
ಉಳಿದೊಂದಕ್ಕೆ ಜಗಳ; ಚಿಮ್ಮಿ ಗೆದ್ದಳು.
ಮಧ್ಯಾಹ್ನ ರಿಜಿಸ್ಟರ್ ತೆರೆದು ಆ ಸಾಲು ಹೊಡೆದೆ.
ಪಕ್ಕದಲ್ಲಿ ಬರೆಯಹೋದರೆ
ಮನೆಯ ಅಗಲ ಒಂದು ಬೆರಳು.
ಮೆಣಸು ಮುಗಿಯಲು ಇನ್ನು ಹತ್ತೇ ದಿನ,
ಆಮೇಲೆ ಅವರು ಯಾವ ತೋಟವೋ.

ಶುಕ್ರವಾರ ಸೂಪರ್‌ವೈಸರ್ ಬರುತ್ತಾರೆ.
ತೂಕ ಕೇಳುತ್ತಾರೆ, ಎತ್ತರ ಕೇಳುತ್ತಾರೆ.
ಅವರು ಎಲ್ಲಿ ಹುಡುಕುತ್ತಾರೆಂದು
ನನಗೂ ಗೊತ್ತು.