ಅರ್ಧದಲ್ಲಿ ಅರ್ಧ

ಜೇನು ಸೊಸೈಟಿಯ ಮಹಡಿಯಲ್ಲಿ ಏಳು ಕಂಬಳಿ.
ಮಿಲಿಟರಿಯವು. ಅಂಚಿಗೆ ಮಾಸಿದ ನಂಬರು.
ನನ್ನದು ನಾಲ್ಕು ಸೊನ್ನೆ ಒಂಬತ್ತು.
ಯಾವ ಸಿಪಾಯಿ ಯಾವ ಗಡಿಯಲ್ಲಿ ಹೊದ್ದಿದ್ದನೋ,
ವಿರಾಜಪೇಟೆಯ ಒಬ್ಬ ದರ್ಜಿ ಹೆಂಗಸು
ಅದರ ಮೇಲೆ ಅಂಗಾತ ಮಲಗಿ
ಉಸಿರಾಡಲು ಕಲಿತಳು,
ನಲವತ್ತಾರನೆಯ ವಯಸ್ಸಿನಲ್ಲಿ.

ಬಲಗೈ ಏಳುತ್ತಿರಲಿಲ್ಲ ಆಗ.
ಮೊಳೆಗೆ ನೇತುಹಾಕಿದ ಟೇಪು ತೆಗೆಯಲು
ಮಗಳನ್ನು ಕೂಗಬೇಕು. ಜಡೆಗೂ ಅವಳೇ.
ಡಾಕ್ಟರು ಎಳೆದರು, ಎಣ್ಣೆಯವನು ತಿರುಚಿದ.
ಪಕ್ಕದಂಗಡಿಯ ಬೀಫಾತು ಹೇಳಿದಳು:
"ಮಹಡಿ ಮೇಲೆ ಒಬ್ಬರಿದ್ದಾರೆ.
ಏನೂ ಮಾಡುವುದಿಲ್ಲ. ಹೋಗಿ ನೋಡು."

ಚೋಂದಮ್ಮ ಟೀಚರ್ ನಿಜಕ್ಕೂ ಏನೂ ಮಾಡಲಿಲ್ಲ.
ಪಕ್ಕದಲ್ಲಿ ನೆಲಕ್ಕೆ ಕೂತರು. "ಕೈ ಎತ್ತಬೇಡ ಕುಂಞಿ,
ಎತ್ತುವ ಯೋಚನೆ ಮಾತ್ರ ಮಾಡು.
ಮಾಡಿದೆಯಾ?
ಈಗ ಅದನ್ನೂ ಬಿಡು."

ಐವತ್ತು ರೂಪಾಯಿ ಕೊಟ್ಟು
ಯೋಚನೆ ಮಾಡಿ ಬಂದಳು ಎಂದು ಮನೆಯಲ್ಲಿ ನಕ್ಕರು.
ನಾನೂ ನಕ್ಕೆ. ಬುಧವಾರ ಮತ್ತೆ ಹೋದೆ.

ಸೇನಾ ಆಸ್ಪತ್ರೆಯಲ್ಲಿ ನರ್ಸಾಗಿದ್ದರಂತೆ,
ಕಾಲು ಕಳೆದುಕೊಂಡ ಹುಡುಗರಿಗೆ
ಮಂಚದಲ್ಲಿ ಹೊರಳುವುದನ್ನು ಕಲಿಸುತ್ತ ಕಲಿಸುತ್ತ
ತಾವು ಕಲಿತದ್ದಂತೆ.
"ಇದಕ್ಕೆ ಹೆಸರೇನು?" ಪೋಸ್ಟ್ ಮಾಸ್ಟರ್ ಬೆಳ್ಯಪ್ಪ ಕೇಳಿದರು,
ರಸೀದಿಗೆ ಬೇಕಲ್ಲ.
"ಹೊರಳುವುದು ಅಂತ ಬರೀರಿ."

ಅವರ ಪಾಠವೆಲ್ಲ ಕಳೆಯುವ ಲೆಕ್ಕ.
"ಬೆಳ್ಯಪ್ಪ, ನೀವು ಬೆಟ್ಟ ಹತ್ತುತ್ತಿಲ್ಲ,
ಕತ್ತು ತಿರುಗಿಸುತ್ತಿದ್ದೀರಿ. ಅರ್ಧ ಮಾಡಿ.
ಅದರಲ್ಲಿ ಅರ್ಧ.
ಈಗ ಹೇಳಿ, ಎಡ ಹಿಮ್ಮಡಿಗೆ ಏನಾದರೂ ಕೇಳಿಸಿತಾ?"
ಕತ್ತಿಗೂ ಹಿಮ್ಮಡಿಗೂ ಏನು ಸಂಬಂಧ ಎನ್ನುವಷ್ಟರಲ್ಲಿ
ನನ್ನ ಹಿಮ್ಮಡಿಗೆ ಕೇಳಿಸಿಬಿಟ್ಟಿತ್ತು.

ಜೀಪು ಓಡಿಸುವಾಗ ಮಾತ್ರ ಅವರಿಗೆ
ಅರ್ಧವೆಂಬುದು ಗೊತ್ತಿರಲಿಲ್ಲ.
ಬಿಟ್ಟಂಗಾಲದ ತಿರುವಿನಲ್ಲಿ ಅವರ ಹಾರ್ನ್ ಕೇಳಿದರೆ
ಮೀನಿನ ಗಾಡಿಯವನು ಚರಂಡಿಗೆ ಇಳಿಯುತ್ತಿದ್ದ.
ಇಳಿದವನಿಗೂ ಬೈಗುಳ,
ಆಮೇಲೆ ಅವನ ಬಳಿಯೇ ಅರ್ಧ ಕೆಜಿ ಮತ್ತಿ.

ಹನ್ನೊಂದನೆಯ ವಾರ
ಕೆಳಗಿನ ಡಬ್ಬಗಳ ವಾಸನೆಗೆ ಬಂದ ಹುಳವೊಂದು
ದಾರಿ ತಪ್ಪಿ ಮಹಡಿಗೆ ಬಂತು,
ನನ್ನ ಹಣೆಯ ಮೇಲೆ ಕೂತಿತು.
ಓಡಿಸಿದೆ.
ಓಡಿಸಿದ್ದು ಬಲಗೈ.

ಕೈ ಗಾಳಿಯಲ್ಲೇ ನಿಂತಿತು, ನನ್ನದಲ್ಲವೆಂಬಂತೆ.
ಯಾರೂ ನೋಡಲಿಲ್ಲ. ಟೀಚರ್ ನೋಡಿದರು.
"ಎತ್ತಬೇಡ ಅಂದಿದ್ದೆನಲ್ಲ," ಎಂದು
ಕಿಟಕಿಯ ಕಡೆ ತಿರುಗಿ ನಿಂತರು
ಸ್ವಲ್ಪ ಹೊತ್ತು.

ಕಾಫಿ ಹೂಬಿಟ್ಟ ವಾರ ಹೋದರು.
ರಾತ್ರಿಯೇ ಫೋನು ಬಂದು ನಾವು ನಾಲ್ವರು ಹೋಗಿದ್ದೆವು.
ಬೆಳಗಿನ ಜಾವ ತಮ್ಮ ಅಂಗಳಕ್ಕೆ ಬಂದು
ಬಂದೂಕು ಮೇಲೆತ್ತಿ
ಜೋಡಿ ಗುಂಡು ಹಾರಿಸಿದ,
ಊರಿಗೆ ತಿಳಿಯಲೆಂದು.

ಅಂಗಳದ ಭುಜಗಳೆಲ್ಲ ಕಿವಿಗೇರಿದವು.
ಹಲ್ಲು ಕಚ್ಚಿತು, ಉಸಿರು ಗಂಟಲಲ್ಲೇ ನಿಂತಿತು.
ತೋಟದಾಚೆ ನಾಯಿಗಳು.
ಆಮೇಲೆ
ಬೆಳ್ಯಪ್ಪನವರ ದವಡೆ ಸಡಿಲವಾದದ್ದು ಕಂಡೆ.
ತೂಗುಹಾಕಿದ ಚೀಲದಂತೆ ಬೀಫಾತುವಿನ ತೋಳು
ಮೆಲ್ಲಗೆ ಕೆಳಗಿಳಿಯಿತು. ನನ್ನದೂ.
ಜನರ ನಡುವೆ ಅಲ್ಲೊಬ್ಬರು ಇಲ್ಲೊಬ್ಬರು,
ಯಾರೂ ಹೇಳಿರಲಿಲ್ಲ.
ಉಳಿದವರು ಇನ್ನೂ ಬಿಗಿದೇ ನಿಂತಿದ್ದರು.
ಅಳು ನಮಗೆ ಮೊದಲು ಬಂತು.

ಈಗ ಮಹಡಿಯಲ್ಲಿ ಖಾಲಿ ಡಬ್ಬಗಳು.
ನಾಲ್ಕು ಸೊನ್ನೆ ಒಂಬತ್ತನ್ನು ಕೇಳಿ ತಂದೆ,
ಒಗೆದಿಲ್ಲ.

ನಾನು ಯಾರಿಗೂ ಏನೂ ಕಲಿಸುವುದಿಲ್ಲ.
ಅಳತೆಗೆ ಬಂದವರು
ಕನ್ನಡಿಯೆದುರು ಹೊಟ್ಟೆ ಒಳಗೆಳೆದು ನಿಲ್ಲುತ್ತಾರೆ,
ಮದುವೆಯ ಹುಡುಗಿಯರಂತೂ ಹೆಚ್ಚು.
ಟೇಪು ಸುತ್ತಿ ಹಿಡಿದು ಕಾಯುತ್ತೇನೆ.
ಮಾತಿಲ್ಲ. ಹೊರಗೆ ಬಸ್ಸು ಹೋಗುತ್ತದೆ.
ಯಾವಾಗಲೋ ಒಮ್ಮೆ, ಬೇಸತ್ತು,
ಅವರು ಉಸಿರು ಬಿಡುತ್ತಾರೆ.

ಆಗ ಬರೆದುಕೊಳ್ಳುತ್ತೇನೆ.